ಬಟ್ಟೆ ಮತ್ತು ಮನಸ್ಸು: ಬಿಗಿಯುವ ಅಂಗಿಯಿಂದ ಸಂತೈಸುವ ಹೊದಿಕೆಯವರೆಗೆ

1788ರ ಚಳಿಗಾಲದಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಚಿತ್ತಸ್ವಾಸ್ಥ್ಯ ಕಳೆದುಕೊಂಡ. ರಾತ್ರಿಯೆಲ್ಲ ನಿದ್ರೆಯಿಲ್ಲ, ಗಂಟೆಗಟ್ಟಲೆ ತಡೆಯಿಲ್ಲದ ಮಾತು. ಅರಮನೆಯ ವೈದ್ಯರು ಕೈಚೆಲ್ಲಿದಾಗ ಲಿಂಕನ್‌ಶೈರ್ ಪ್ರಾಂತದಿಂದ ಫ್ರಾನ್ಸಿಸ್ ವಿಲಿಸ್ ಎಂಬ ಪಾದ್ರಿ-ವೈದ್ಯನನ್ನು ಕರೆಸಲಾಯಿತು. ವಿಲಿಸನ ಚಿಕಿತ್ಸೆಯ ಸಾಧನಗಳಲ್ಲಿ ಒಂದು ಅಂಗಿಯೂ ಇತ್ತು. ಗಟ್ಟಿ ಬಟ್ಟೆಯಿಂದ ಹೊಲಿದ ಅದರ ತೋಳುಗಳು ಬೆರಳ ತುದಿಯನ್ನೂ ದಾಟಿ ಇಳಿಯುತ್ತಿದ್ದವು. ಅವನ್ನು ಎದೆಯ ಮೇಲೆ ಅಡ್ಡಲಾಗಿ ತಂದು ಬೆನ್ನ ಹಿಂದೆ ಬಿಗಿದು ಕಟ್ಟಿದರೆ ತೊಟ್ಟವನು ಕೈ ಎತ್ತುವಂತಿರಲಿಲ್ಲ. ದೊರೆ ಊಟ ಒಲ್ಲೆನೆಂದಾಗ, ಹೇಳಿದ ಮಾತು ಕೇಳದಿದ್ದಾಗ ಅದನ್ನು ತೊಡಿಸುತ್ತಿದ್ದರು. ಸಾಮ್ರಾಜ್ಯವನ್ನಾಳುವ ದೊರೆಯೂ ಒಂದು ಅಂಗಿಯ ಮುಂದೆ ಅಸಹಾಯಕನಾದ.

ಬಟ್ಟೆ ಮಾನ ಮುಚ್ಚುತ್ತದೆ ಎಂಬುದು ನಮ್ಮ ಜನರ ಮಾತು. ಚಳಿ, ಬಿಸಿಲು, ಮಳೆಗಳಿಂದ ಮೈಯನ್ನು ಕಾಯುವುದು ಅದರ ಮೊದಲ ಕೆಲಸವಾದರೂ ಉಡುವವನ ಮರ್ಯಾದೆಯನ್ನು ಕಾಯುವುದು ಅದರಷ್ಟೇ ಮುಖ್ಯವಾದ ಇನ್ನೊಂದು ಕೆಲಸ. ಮನಸ್ಸಿನ ನೆಮ್ಮದಿಗೆ ನೆರವಾಗುವಂತೆ ಬಟ್ಟೆಯನ್ನು ರೂಪಿಸುವ ಪ್ರಯತ್ನಗಳು ಇಂದು ಹಲವು ದೇಶಗಳಲ್ಲಿ ನಡೆದಿವೆ. ಭಾರದ ಹೊದಿಕೆಗಳು, ಒತ್ತದ ಹೊಲಿಗೆಯ ಒಳ ಉಡುಪುಗಳು, ವೃದ್ಧರ ಕೈಗೆ ಕೊಡುವ ಗುಂಡಿ-ಪಟ್ಟಿಗಳ ಕೈಚೀಲಗಳು ಮಾರುಕಟ್ಟೆಗೆ ಬಂದಿವೆ. ಇವು ಹೊಸ ಕಾಲದ ಕಲ್ಪನೆಗಳೆಂದು ತೋರಿದರೂ ಬಟ್ಟೆಗೂ ಮನೋರೋಗಕ್ಕೂ ಇರುವ ನಂಟು ಇನ್ನೂರು ವರ್ಷಗಳಿಗೂ ಹಳೆಯದು. ಆ ನಂಟಿನ ಕಥೆ ಸಂತೈಕೆಯಿಂದ ಆರಂಭವಾಗಲಿಲ್ಲ, ಬಂಧನದಿಂದ ಆರಂಭವಾಯಿತು.

ಸರಪಳಿಯ ಬದಲಿಗೆ ಬಂದದ್ದು

ಹದಿನೆಂಟನೆಯ ಶತಮಾನದಲ್ಲಿ ಈ ಕಟ್ಟಂಗಿಯನ್ನು ಬಳಕೆಗೆ ತಂದವರು ಅದನ್ನು ಕ್ರೌರ್ಯದ ಸಾಧನವೆಂದು ಭಾವಿಸಿರಲಿಲ್ಲ. ಅಂದಿನ ಹುಚ್ಚಾಸ್ಪತ್ರೆಗಳಲ್ಲಿ ರೋಗಿಗಳನ್ನು ಕಬ್ಬಿಣದ ಸರಪಳಿಯಿಂದ ಗೋಡೆಗೆ ಬಿಗಿಯುತ್ತಿದ್ದರು. ಕಬ್ಬಿಣ ಮೈಯನ್ನು ಕೊರೆಯುತ್ತದೆ, ಬಟ್ಟೆ ಕೊರೆಯುವುದಿಲ್ಲ; ಆದ್ದರಿಂದ ಬಟ್ಟೆಯೇ ಲೇಸು ಎಂಬುದು ಅವರ ತರ್ಕ. ಪ್ಯಾರಿಸ್ಸಿನ ಬಿಸೆಟ್ರ್ ಆಸ್ಪತ್ರೆಯಲ್ಲಿ ರೋಗಿಗಳ ಸಂಕೋಲೆ ಕಳಚಿದ ಕೀರ್ತಿಯನ್ನು ಇತಿಹಾಸ ಬಹುಕಾಲ ವೈದ್ಯ ಫಿಲಿಪ್ ಪಿನೆಲ್‌ಗೆ ಕೊಟ್ಟಿತು. ವಾಸ್ತವದಲ್ಲಿ 1797ರಲ್ಲಿ ಆ ಕೆಲಸ ಮಾಡಿದವನು ಅಲ್ಲಿನ ಮೇಲ್ವಿಚಾರಕ ಜ್ಯಾಂ-ಬಾಪ್ತಿಸ್ತ್ ಪ್ಯುಸ್ಸಿನ್. ಅವನೂ ಸರಪಳಿ ತೆಗೆದ ಕಡೆ ಅಗತ್ಯ ಕಂಡಾಗ ಕಟ್ಟಂಗಿಯನ್ನೇ ಬಳಸಿದ.

ಬಟ್ಟೆ ಇಲ್ಲದಿರುವುದೂ ಒಂದು ಶಿಕ್ಷೆಯಾಗಿತ್ತು. 1814ರಲ್ಲಿ ಎಡ್ವರ್ಡ್ ವೇಕ್‌ಫೀಲ್ಡ್ ಎಂಬ ಸುಧಾರಕ ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯನ್ನು ನೋಡಲು ಹೋದ. ಅಲ್ಲಿ ಕೈಗೋ ಕಾಲಿಗೋ ಸರಪಳಿ ಬಿಗಿಸಿಕೊಂಡಿದ್ದ ಹೆಂಗಸರ ಮೈಮೇಲೆ ಇದ್ದದ್ದು ಕಂಬಳಿಯೊಂದನ್ನೇ ನಿಲುವಂಗಿಯಂತೆ ಹೊಲಿದ ಹೊದಿಕೆ ಮಾತ್ರ. ಮುಂಭಾಗದಲ್ಲಿ ಅದನ್ನು ಕೂಡಿಸಲು ಗುಂಡಿಯಿಲ್ಲ, ಲಾಡಿಯಿಲ್ಲ. ಅದೇ ಆಸ್ಪತ್ರೆಯಲ್ಲಿ ಜೇಮ್ಸ್ ನಾರಿಸ್ ಎಂಬಾತನನ್ನು ವರ್ಷಗಳಿಂದ ಕಬ್ಬಿಣದ ಪಟ್ಟಿಗಳಲ್ಲಿ ಬಂಧಿಸಿಡಲಾಗಿತ್ತು. ಈ ಸಂಗತಿಗಳು 1815ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ವಿಚಾರಣಾ ಸಮಿತಿಯ ಮುಂದೆ ಬಂದು ದೇಶವನ್ನೇ ತಲೆತಗ್ಗಿಸುವಂತೆ ಮಾಡಿದವು.

ಇದಕ್ಕಿಂತ ಭಿನ್ನವಾದ ದಾರಿಯೊಂದು ಆ ವೇಳೆಗಾಗಲೇ ಯಾರ್ಕ್ ನಗರದಲ್ಲಿ ತೆರೆದಿತ್ತು. ಕ್ವೇಕರ್ ಪಂಥದ ಚಹಾ ವರ್ತಕ ವಿಲಿಯಂ ಟ್ಯೂಕ್ 1796ರಲ್ಲಿ ಅಲ್ಲಿ 'ರಿಟ್ರೀಟ್' ಎಂಬ ಆಶ್ರಯಧಾಮವನ್ನು ಆರಂಭಿಸಿದ. ಮನೆಯ ವಾತಾವರಣವೇ ಮದ್ದು ಎಂಬುದು ಅಲ್ಲಿನ ನಂಬಿಕೆ. ಕಿಟಕಿಯ ಕಬ್ಬಿಣದ ಸರಳುಗಳು ಜೈಲಿನ ನೆನಪು ತರಬಾರದೆಂದು ಅವಕ್ಕೆ ಮರದ ಹೊದಿಕೆ ಹಾಕಿಸಿದ್ದರು. ಅಲ್ಲಿನ ಮೇಲ್ವಿಚಾರಕಿ ಆಗಾಗ ರೋಗಿಗಳನ್ನು ಚಹಾ ಕೂಟಕ್ಕೆ ಆಹ್ವಾನಿಸುತ್ತಿದ್ದಳು. ಅವರು ತಮ್ಮಲ್ಲಿದ್ದ ಒಳ್ಳೆಯ ಉಡುಪನ್ನು ಧರಿಸಿ ಬರುತ್ತಿದ್ದರು. ಚೆನ್ನಾಗಿ ಉಟ್ಟು ನಾಲ್ಕು ಜನರ ನಡುವೆ ಕುಳಿತಾಗ ಮನುಷ್ಯ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳಲು ಯತ್ನಿಸುತ್ತಾನೆ ಎಂಬುದನ್ನು ಟ್ಯೂಕ್ ಕುಟುಂಬದವರು ಗಮನಿಸಿದ್ದರು. ಉಡುಪನ್ನು ಮನಸ್ಸಿನ ಚಿಕಿತ್ಸೆಯ ಅಂಗವೆಂದು ಕಂಡ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಅದರೊಳಗೂ ಒಂದು ಬಗೆಯ ಒತ್ತಾಯವಿತ್ತೆಂದು, ನೋಡುವವರ ಕಣ್ಣೇ ಅಲ್ಲಿ ಸರಪಳಿಯ ಕೆಲಸ ಮಾಡಿತೆಂದು ಇಪ್ಪತ್ತನೆಯ ಶತಮಾನದ ಫ್ರೆಂಚ್ ಚಿಂತಕ ಮಿಶೆಲ್ ಫುಕೋ ಟೀಕಿಸಿದ್ದುಂಟು.

1839ರಲ್ಲಿ ಲಂಡನ್ ಸಮೀಪದ ಹ್ಯಾನ್‌ವೆಲ್ ಆಸ್ಪತ್ರೆಗೆ ಬಂದ ವೈದ್ಯ ಜಾನ್ ಕೊನಲಿ ಕೆಲವೇ ತಿಂಗಳಲ್ಲಿ ಸರಪಳಿ, ಕೈಕೋಳ, ಕಟ್ಟಂಗಿ ಎಲ್ಲವನ್ನೂ ನಿಲ್ಲಿಸಿದ. ಆಗ ಅಲ್ಲಿದ್ದ ರೋಗಿಗಳು ಸುಮಾರು 800. ಲಿಂಕನ್ ನಗರದ ಆಸ್ಪತ್ರೆಯಲ್ಲಿ ರಾಬರ್ಟ್ ಗಾರ್ಡಿನರ್ ಹಿಲ್ ಇದೇ ಪ್ರಯೋಗವನ್ನು ಅವನಿಗಿಂತ ಮೊದಲು ನಡೆಸಿದ್ದ. ಆದರೆ ಕಟ್ಟಂಗಿ ಬಿಟ್ಟ ಮೇಲೆ ಬಟ್ಟೆ ಹರಿದುಕೊಳ್ಳುವ ರೋಗಿಗಳನ್ನು ಏನು ಮಾಡಬೇಕು? ಕೊನಲಿ ಸುಲಭವಾಗಿ ಹರಿಯದ ಗಟ್ಟಿ ಬಟ್ಟೆಯ ಉಡುಪುಗಳನ್ನು ಬಳಸಿದ. ಕೈಕಾಲು ಆಡಿಸಲು ಅವು ಅಡ್ಡಿಯಾಗುತ್ತಿರಲಿಲ್ಲ. ರೋಗಿಯ ತೊಂದರೆ ಏನೆಂದು ತಿಳಿದು, ಅದಕ್ಕೆ ತಕ್ಕ ಬಟ್ಟೆಯನ್ನು ಹುಡುಕುವ ದೃಷ್ಟಿ ಇಲ್ಲಿ ಕಾಣುತ್ತದೆ. ಇಂದಿನ ವಿನ್ಯಾಸಕಾರರೂ ಮಾಡುವುದು ಇದನ್ನೇ.

ಸಮವಸ್ತ್ರದ ಮೇಲೆ ಬರೆದ 'ನಾನು'

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಯುರೋಪಿನ ಮಾನಸಿಕ ಆಸ್ಪತ್ರೆಗಳು ದೊಡ್ಡ ಊರುಗಳಂತೆ ಬೆಳೆದವು. ಒಳಗೆ ಬಂದವರ ಸ್ವಂತ ಬಟ್ಟೆ ಕಳಚಿ ಆಸ್ಪತ್ರೆಯ ಬಟ್ಟೆ ತೊಡಿಸುವುದು ಸಾಮಾನ್ಯ ಪದ್ಧತಿಯಾಯಿತು. ಒಂದೇ ಬಣ್ಣ, ಒಂದೇ ಅಳತೆ, ಅಗಸರ ಕೋಣೆಯಲ್ಲಿ ಗುರುತು ಹಿಡಿಯಲು ಒಂದು ಸಂಖ್ಯೆ. ಆಡಳಿತಕ್ಕೆ ಇದು ಅನುಕೂಲವಾಗಿತ್ತು. ರೋಗಿಗೆ ಮಾತ್ರ, ಹೊರಗಿನ ಬದುಕಿನಲ್ಲಿ ತಾನು ಯಾರಾಗಿದ್ದೆ ಎಂಬುದರ ಕೊನೆಯ ಗುರುತೂ ಆ ಬಾಗಿಲಲ್ಲೇ ಉಳಿಯುತ್ತಿತ್ತು.

ಜರ್ಮನಿಯ ಆಗ್ನೆಸ್ ರಿಕ್ಟರ್ ಬಟ್ಟೆ ಹೊಲಿದು ಜೀವನ ನಡೆಸುತ್ತಿದ್ದ ಹೆಂಗಸು. 1844ರಲ್ಲಿ ಹುಟ್ಟಿದ ಆಕೆಯನ್ನು 1893ರಲ್ಲಿ ಡ್ರೆಸ್ಡೆನ್‌ನಲ್ಲಿ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಆಮೇಲೆ ಹುಬರ್ಟುಸ್‌ಬುರ್ಗ್ ಆಸ್ಪತ್ರೆಗೆ ಕಳುಹಿಸಲಾಯಿತು. 1918ರಲ್ಲಿ ತೀರಿಕೊಳ್ಳುವವರೆಗೂ ಆಕೆ ಹೊರಗೆ ಬರಲಿಲ್ಲ. ಅಲ್ಲಿ ಆಕೆ ಆಸ್ಪತ್ರೆಯ ಬೂದುಬಣ್ಣದ ನಾರುಬಟ್ಟೆಯಿಂದ ತನ್ನ ಮೈಯಳತೆಗೆ ಒಂದು ಕುಪ್ಪಸ ಹೊಲಿದುಕೊಂಡಳು. ಅದರ ಹೊರಮೈ, ಒಳಮೈ, ತೋಳುಗಳ ಮೇಲೆಲ್ಲ ಬಣ್ಣದ ದಾರಗಳಿಂದ ಅಂದಿನ ಜರ್ಮನ್ ಕೂಡಕ್ಷರದಲ್ಲಿ ಸಾಲುಸಾಲಾಗಿ ಬರೆದಳು. ಸಾಲಿನ ಮೇಲೆ ಸಾಲು ಹಾಯ್ದಿರುವುದರಿಂದ, ಬೆವರು ಮತ್ತು ಬಳಕೆಯಿಂದ ದಾರ ಸವೆದಿರುವುದರಿಂದ ಅದರ ಬಹುಭಾಗ ಓದಲು ಬಾರದು. ಓದಲು ಸಿಗುವ ಮಾತುಗಳಲ್ಲಿ ಮತ್ತೆ ಮತ್ತೆ ಬರುವವು 'ನಾನು', 'ನನ್ನ' ಎಂಬವು. ಆಸ್ಪತ್ರೆ ಆಕೆಗೆ ಕೊಟ್ಟಿದ್ದ ಸಂಖ್ಯೆಯೂ ಆ ಬರಹದಲ್ಲಿದೆ.

ಬೇರೆಯವರಿಗಾಗಿ ಹೊಲಿಯುತ್ತ ಬದುಕಿದ್ದ ಹೆಂಗಸು ತನಗಾಗಿ ಹೊಲಿದುಕೊಂಡ ಈ ಕುಪ್ಪಸ ಕಸಕ್ಕೆ ಬೀಳದೆ ಉಳಿದದ್ದು ಒಂದು ಅದೃಷ್ಟ. ಹೈಡೆಲ್‌ಬರ್ಗ್‌ನ ಮನೋವೈದ್ಯ ಹಾನ್ಸ್ ಪ್ರಿನ್‌ಝ್‌ಹಾರ್ನ್ ಮೊದಲ ಮಹಾಯುದ್ಧದ ನಂತರ ಆಸ್ಪತ್ರೆಗಳಿಗೆ ಪತ್ರ ಬರೆದು ರೋಗಿಗಳು ರಚಿಸಿದ ಚಿತ್ರ, ಬರಹ, ಕೈಕೆಲಸಗಳನ್ನು ಸಂಗ್ರಹಿಸಿದ. 1922ರಲ್ಲಿ ಅವುಗಳ ಬಗ್ಗೆ ಅವನು ಪ್ರಕಟಿಸಿದ ಗ್ರಂಥ ಯುರೋಪಿನ ಕಲಾವಿದರ ಗಮನ ಸೆಳೆಯಿತು. ಆಗ್ನೆಸ್ಸಳ ಕುಪ್ಪಸ ಇಂದು ಅವನ ಹೆಸರಿನ ಆ ಸಂಗ್ರಹದಲ್ಲಿದೆ.

ಆಕೆ ಒಬ್ಬಳೇ ಅಲ್ಲ. ಇಂಗ್ಲೆಂಡಿನ ಗ್ರೇಟ್ ಯಾರ್ಮತ್ ಊರಿನ ಬಡವರ ಆಶ್ರಯಗೃಹದಲ್ಲಿ ಮನೋರೋಗಿಗಳ ವಿಭಾಗಕ್ಕೆ ಸೇರಿಸಲ್ಪಟ್ಟ ಲೊರೀನಾ ಬುಲ್ವರ್ 1900ರ ಆಸುಪಾಸಿನ ವರ್ಷಗಳಲ್ಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಮಾರುದ್ದದ ಪತ್ರಗಳನ್ನು ಹೊಲಿದಳು. ಪೂರ್ಣವಿರಾಮವಿಲ್ಲ, ಅಲ್ಪವಿರಾಮವಿಲ್ಲ, ದೊಡ್ಡ ಅಕ್ಷರಗಳಲ್ಲಿ ತನ್ನನ್ನು ಅಲ್ಲಿಗೆ ತಂದುಬಿಟ್ಟವರ ಮೇಲಿನ ಸಿಟ್ಟು ಹರಿದಿದೆ. ಬ್ರೆಜಿಲ್ ದೇಶದ ಆರ್ಥರ್ ಬಿಸ್ಪೊ ದೊ ರೊಸಾರಿಯೊ ರಿಯೊ ಡಿ ಜನೈರೊದ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಅರ್ಧ ಶತಮಾನ ಕಳೆದ. ಅವನಿಗೆ ದಾರ ಕೊಡುವವರಿರಲಿಲ್ಲ. ಆಸ್ಪತ್ರೆಯ ನೀಲಿ ಸಮವಸ್ತ್ರಗಳನ್ನೇ ಬಿಚ್ಚಿ ನೂಲು ತೆಗೆದು ಕಸೂತಿ ಮಾಡಿದ. ಅಂತಿಮ ತೀರ್ಪಿನ ದಿನ ದೇವರೆದುರು ನಿಲ್ಲುವಾಗ ತೊಡಲೆಂದು ಅವನು ಸಿದ್ಧಪಡಿಸಿದ ನಿಲುವಂಗಿಯ ಒಳಮೈಯಲ್ಲಿ ತಾನು ಮರೆಯಲಾಗದ ಜನರ ಹೆಸರುಗಳನ್ನು ಹೊಲಿದಿದ್ದಾನೆ. ಅವನು 1989ರಲ್ಲಿ ತೀರಿಕೊಂಡ. 1995ರ ವೆನಿಸ್ ಕಲಾಮೇಳದಲ್ಲಿ ಅವನ ಕೃತಿಗಳು ಬ್ರೆಜಿಲ್ ದೇಶವನ್ನು ಪ್ರತಿನಿಧಿಸಿದವು.

ಈ ಮೂವರಿಗೂ ಯಾವ ವೈದ್ಯನೂ ಹೊಲಿಗೆಯನ್ನು ಚಿಕಿತ್ಸೆಯೆಂದು ಸೂಚಿಸಿರಲಿಲ್ಲ. ಸಂಸ್ಥೆ ಕೊಟ್ಟ ಬಟ್ಟೆಯನ್ನು ತಮ್ಮದಾಗಿಸಿಕೊಳ್ಳುವ ದಾರಿಯನ್ನು ಅವರೇ ಕಂಡುಕೊಂಡರು. ಮನಸ್ಸಿಗೆ ಒಗ್ಗುವ ಉಡುಪು ಹೇಗಿರಬೇಕೆಂದು ಕೇಳುವವರಿಗೆ ಇಲ್ಲಿಯೇ ಮೊದಲ ಉತ್ತರವಿದೆ. ಅದು ತೊಡುವವರ ಅಳತೆಗೆ, ಇಷ್ಟಕ್ಕೆ, ಹೆಸರಿಗೆ ಸೇರಿದ್ದಾಗಿರಬೇಕು.

ಸೂಜಿ ಹಿಡಿದ ಸೈನಿಕರು

ಮೊದಲ ಮಹಾಯುದ್ಧದ ಕಾಲದಲ್ಲಿ ಹೊಲಿಗೆ ಚಿಕಿತ್ಸೆಯ ರೂಪದಲ್ಲೇ ಆಸ್ಪತ್ರೆಗಳನ್ನು ಪ್ರವೇಶಿಸಿತು. ಕಂದಕಗಳಿಂದ ಮರಳಿದ ಸೈನಿಕರಲ್ಲಿ ಕೈಕಾಲು ಕಳೆದುಕೊಂಡವರಷ್ಟೇ ಅಲ್ಲ, ಗುಂಡಿನ ಸದ್ದಿಗೆ ನಡುಗುವವರು, ಮಾತು ನಿಂತುಹೋದವರು, ನಿದ್ರೆ ಬಾರದವರು ಸಾವಿರಗಟ್ಟಲೆ ಇದ್ದರು. ಬ್ರಿಟನ್ನಿನಲ್ಲಿ ಚೇತರಿಸಿಕೊಳ್ಳುತ್ತಿದ್ದ ಸಾಮಾನ್ಯ ಸೈನಿಕರಿಗೆ ನೀಲಿ ಬಣ್ಣದ ಸಡಿಲ ಉಡುಪು, ಬಿಳಿ ಅಂಗಿ, ಕೆಂಪು ಟೈ ಕೊಡುತ್ತಿದ್ದರು. ಆ ನೀಲಿ ಉಡುಪಿಗೆ ಜೇಬುಗಳೇ ಇರಲಿಲ್ಲ. ಅಧಿಕಾರಿಗಳಿಗೆ ಈ ಉಡುಪಿನ ಕಡ್ಡಾಯವಿರಲಿಲ್ಲ.

ಯುದ್ಧದಲ್ಲಿ ಕೈಗೆ ಗಾಯಮಾಡಿಕೊಂಡಿದ್ದ ನಟ ಅರ್ನೆಸ್ಟ್ ಥೆಸಿಗರ್‌ಗೆ ಕಸೂತಿಯ ಹವ್ಯಾಸವಿತ್ತು. ಹಾಸಿಗೆಯಲ್ಲೇ ಕುಳಿತು ಮಾಡಬಹುದಾದ, ನಡುಗುವ ಕೈಯನ್ನು ನಿಧಾನವಾಗಿ ಹಿಡಿತಕ್ಕೆ ತರುವ, ಕೊನೆಗೆ ನಾಲ್ಕು ಕಾಸು ತರಬಲ್ಲ ಕೆಲಸ ಇದೆಂದು ಅವನು ವಾದಿಸಿದ. ಹೆಂಗಸರ ಕೆಲಸವನ್ನು ಸೈನಿಕರಿಗೆ ಕಲಿಸುವುದೇ ಎಂಬ ಹಿಂಜರಿಕೆಯನ್ನು ದಾಟಿ 1918ರಲ್ಲಿ ಅಂಗವಿಕಲ ಸೈನಿಕರ ಕಸೂತಿ ಉದ್ಯಮ ಆರಂಭವಾಯಿತು. ಬ್ರಿಟನ್, ಆಸ್ಟ್ರೇಲಿಯ, ಕೆನಡ, ದಕ್ಷಿಣ ಆಫ್ರಿಕಗಳ 130ಕ್ಕೂ ಹೆಚ್ಚು ಗಾಯಾಳು ಸೈನಿಕರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಕುಳಿತು ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್‌ನ ಪೂಜಾವೇದಿಕೆಗೆ ಒಂದು ಕಸೂತಿ ತೆರೆಯನ್ನು ಸಿದ್ಧಪಡಿಸಿದರು. 1919ರ ಜುಲೈನಲ್ಲಿ ನಡೆದ ಶಾಂತಿಯ ಪ್ರಾರ್ಥನೆಯಲ್ಲಿ ಅದನ್ನು ಬಳಸಲಾಯಿತು. 1940ರ ಬಾಂಬ್ ದಾಳಿಯ ನಂತರ ಪೆಟ್ಟಿಗೆ ಸೇರಿದ್ದ ಆ ತೆರೆ 2014ರಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು.

ಈ ಬಗೆಯ ಕೈಕೆಲಸದ ಸುತ್ತ ಮುಂದೆ ಔದ್ಯೋಗಿಕ ಚಿಕಿತ್ಸೆ ಎಂಬ ವೃತ್ತಿಯೇ ಬೆಳೆಯಿತು. ನೇಯ್ಗೆ, ಹೆಣಿಗೆ, ಹೊಲಿಗೆಗಳು ಮಾನಸಿಕ ಆಸ್ಪತ್ರೆಗಳ ದಿನಚರಿಗೆ ಸೇರಿದವು. 1847ರಲ್ಲಿ ಆರಂಭವಾದ ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದು, 1974ರಲ್ಲಿ ನಿಮ್ಹಾನ್ಸ್ ಆಯಿತು. ಅಲ್ಲಿನ ಪುನರ್ವಸತಿ ವಿಭಾಗದ ತರಬೇತಿಗಳಲ್ಲಿಯೂ ಹೊಲಿಗೆ, ನೇಯ್ಗೆಗಳಿಗೆ ಸ್ಥಾನ ದೊರೆಯಿತು.

ಸ್ಪರ್ಶವೇಕೆ ಸಂತೈಸುತ್ತದೆ?

ಬಟ್ಟೆಯ ಸ್ಪರ್ಶಕ್ಕೂ ಮನಸ್ಸಿನ ಶಾಂತಿಗೂ ಸಂಬಂಧವಿದೆಯೆಂದು ಪ್ರಯೋಗಗಳು ತೋರಿಸಿದ್ದು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಎರಡು ಕೃತಕ 'ತಾಯಂದಿರ' ನಡುವೆ ಬಿಟ್ಟ. ಒಂದು ಬರಿಯ ತಂತಿಯದು, ಇನ್ನೊಂದಕ್ಕೆ ಟವೆಲ್‌ನಂಥ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ತಾಯಿಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿದು ಮರಳಿ ಬಟ್ಟೆಯ ತಾಯಿಯನ್ನೇ ಅಪ್ಪಿಕೊಳ್ಳುತ್ತಿದ್ದವು. ಹೆದರಿದಾಗ ಓಡಿಹೋಗುತ್ತಿದ್ದುದೂ ಅಲ್ಲಿಗೇ. 1958ರಲ್ಲಿ ಪ್ರಕಟವಾದ ಈ ಪ್ರಯೋಗದ ಕ್ರೌರ್ಯ ಇಂದು ತೀವ್ರ ಟೀಕೆಗೆ ಗುರಿಯಾಗಿದೆ. ಆದರೂ ಹಸಿವೆ ತಣಿಸುವವರನ್ನಷ್ಟೇ ಮಗು ಪ್ರೀತಿಸುತ್ತದೆ ಎಂಬ ಅಂದಿನ ವಾದವನ್ನು ಅದು ಉರುಳಿಸಿತು. ಸುಮಾರು ಅದೇ ಕಾಲದಲ್ಲಿ ಬ್ರಿಟಿಷ್ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್, ಪುಟ್ಟ ಮಕ್ಕಳು ಒಂದು ಬಟ್ಟೆಯ ತುಂಡನ್ನೋ ಹೊದಿಕೆಯ ಅಂಚನ್ನೋ ಬಿಡದೆ ಹಿಡಿದಿರುವುದು ಬೆಳವಣಿಗೆಯ ಸಹಜ ಹಂತ ಎಂದು ವಿವರಿಸಿದ. ತಾಯಿ ಎದುರಿಗಿಲ್ಲದ ಹೊತ್ತನ್ನು ಮಗು ಆ ಬಟ್ಟೆಯ ನೆರವಿನಿಂದ ದಾಟುತ್ತದೆ.

ಇದನ್ನು ಅಜ್ಜಿಯರು ಶಾಸ್ತ್ರವಿಲ್ಲದೆಯೇ ಅರಿತಿದ್ದರು. ಎಳೆಯ ಕೂಸನ್ನು ಒಗೆದೊಗೆದು ಮೆದುವಾದ ಹಳೆಯ ಸೀರೆ-ಪಂಚೆಯ ತುಂಡಿನಲ್ಲಿ ಸುತ್ತುವ ರೂಢಿ ಕನ್ನಡ ನಾಡಿನ ಮನೆಮನೆಯಲ್ಲಿದೆ. ಉತ್ತರ ಕರ್ನಾಟಕದ ಕೌದಿಯೂ ಹಾಗೆಯೇ. ಮನೆಯವರು ಉಟ್ಟು ಸವೆಸಿದ ಬಟ್ಟೆಗಳನ್ನು ಪದರ ಪದರವಾಗಿಟ್ಟು ಹೊಲಿದ ಅದರಲ್ಲಿ ಬೆಚ್ಚಗಿನ ಜೊತೆಗೆ ಹದವಾದ ಭಾರವೂ ಇದೆ, ಮನೆಯವರ ನೆನಪೂ ಇದೆ.

ಮೃದು ಸ್ಪರ್ಶಕ್ಕೆ ಮಿಡಿಯುವ ನರತಂತುಗಳು ಮನುಷ್ಯನ ರೋಮವಿರುವ ಚರ್ಮದಲ್ಲಿವೆ ಎಂಬುದನ್ನು ಸ್ವೀಡನ್ನಿನ ಸಂಶೋಧಕರು 1990ರ ದಶಕದಲ್ಲಿ ಸ್ಪಷ್ಟಪಡಿಸಿದರು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ನೇವರಿಸಿದಾಗ ಇವು ಹೆಚ್ಚು ಮಿಡಿಯುತ್ತವೆ. ತಾಯಿ ಮಗುವಿನ ಬೆನ್ನು ಸವರುವ ವೇಗ ಹೆಚ್ಚುಕಡಮೆ ಅದೇ.

ಒತ್ತುವ ಸ್ಪರ್ಶದ ಗುಣವನ್ನು ಲೋಕಕ್ಕೆ ತಿಳಿಸಿಕೊಟ್ಟವರು ಅಮೆರಿಕದ ಟೆಂಪಲ್ ಗ್ರಾಂಡಿನ್. 1947ರಲ್ಲಿ ಹುಟ್ಟಿದ, ಆಟಿಸಂ ಇರುವ ಅವರಿಗೆ ಬೇರೆಯವರ ಅಪ್ಪುಗೆ ತಡೆಯಲಾಗದ ಹಿಂಸೆಯಾಗಿತ್ತು; ಆದರೆ ಮೈಗೆ ಅಪ್ಪುಗೆಯ ಒತ್ತಡ ಬೇಕೆನಿಸುತ್ತಿತ್ತು. ಚಿಕ್ಕಮ್ಮನ ದನಗಳ ಫಾರ್ಮಿನಲ್ಲಿ ಚುಚ್ಚುಮದ್ದಿಗೆಂದು ದನಗಳನ್ನು ಎರಡು ಹಲಗೆಗಳ ನಡುವೆ ಅಮುಕಿ ನಿಲ್ಲಿಸಿದಾಗ ಅವು ಶಾಂತವಾಗುವುದನ್ನು ಅವರು ಕಂಡರು. ಹದಿನೆಂಟನೆಯ ವಯಸ್ಸಿನಲ್ಲಿ ತಮಗಾಗಿ ಅಂಥದೇ ಒಂದು ಯಂತ್ರವನ್ನು ನಿರ್ಮಿಸಿಕೊಂಡರು. ಒತ್ತಡ ಎಷ್ಟಿರಬೇಕು, ಎಷ್ಟು ಹೊತ್ತು ಇರಬೇಕು ಎಂಬುದನ್ನು ನಿರ್ಧರಿಸುವ ಸನ್ನೆ ಒಳಗಿದ್ದವರ ಕೈಯಲ್ಲೇ ಇತ್ತು. ಮೂರನೆಯ ಜಾರ್ಜನ ಕಟ್ಟಂಗಿಗೂ ಈ ಯಂತ್ರಕ್ಕೂ ಇರುವ ವ್ಯತ್ಯಾಸವೆಲ್ಲ ಆ ಸನ್ನೆಯಲ್ಲಿದೆ.

ಇಂದಿನ ಉಡುಪು, ಇಂದಿನ ಎಚ್ಚರ

ಭಾರದ ಹೊದಿಕೆಗಳ ಹಿಂದಿರುವುದೂ ಇದೇ ವಿಚಾರ. ಗಾಜಿನ ಹರಳು ಇಲ್ಲವೆ ಸಣ್ಣ ಸರಪಳಿಗಳನ್ನು ಬಟ್ಟೆಯ ಪದರಗಳ ನಡುವೆ ಹೊಲಿದು ಇವನ್ನು ತಯಾರಿಸುತ್ತಾರೆ. 2020ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ ಮಾನಸಿಕ ಕಾಯಿಲೆಯ ಜೊತೆಗೆ ನಿದ್ರಾಹೀನತೆಯಿದ್ದ 120 ಮಂದಿಯನ್ನು ನಾಲ್ಕು ವಾರ ಗಮನಿಸಲಾಯಿತು. ಹಗುರ ಹೊದಿಕೆ ಪಡೆದವರಿಗಿಂತ ಭಾರದ ಹೊದಿಕೆ ಪಡೆದವರಲ್ಲಿ ನಿದ್ರೆಯ ತೊಂದರೆ ಹೆಚ್ಚು ಕಡಮೆಯಾಯಿತು. ಆಟಿಸಂ ಇರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರ ಮಕ್ಕಳ ನಿದ್ರೆಯ ಅವಧಿ ಹೆಚ್ಚಲಿಲ್ಲ. ಆದರೂ ಮಕ್ಕಳೂ ತಂದೆತಾಯಿಯರೂ ಆ ಹೊದಿಕೆಯನ್ನೇ ಮೆಚ್ಚಿದರು. ತಾನಾಗಿ ಹೊದಿಕೆ ಸರಿಸಲಾರದ ಎಳೆಯ ಮಕ್ಕಳಿಗೆ, ಅಶಕ್ತರಿಗೆ ಇದು ಅಪಾಯ ಎಂಬುದನ್ನೂ ಮರೆಯುವಂತಿಲ್ಲ.

ಉಡುಪು ಯೋಚನೆಯನ್ನೇ ಬದಲಿಸುತ್ತದೆ ಎಂಬ ಮಾತಿಗೂ ಇಂಥದೇ ಗತಿಯಾಯಿತು. ವೈದ್ಯರ ಬಿಳಿ ಕೋಟು ತೊಟ್ಟವರ ಗಮನ ಹೆಚ್ಚುತ್ತದೆ ಎಂದು 2012ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹೇಳಿದ್ದು ಜಗತ್ತಿನಾದ್ಯಂತ ಸುದ್ದಿಯಾಯಿತು. ಹೆಚ್ಚು ಜನರನ್ನು ಸೇರಿಸಿ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಆ ಫಲ ಸಿಗಲಿಲ್ಲವೆಂದು 2019ರಲ್ಲಿ ವರದಿಯಾಯಿತು. ಆದ್ದರಿಂದ ಯಾವುದೋ ಬಣ್ಣ ಖಿನ್ನತೆ ಕಳೆಯುತ್ತದೆ, ಯಾವುದೋ ನೂಲು ಆತಂಕ ನೀಗಿಸುತ್ತದೆ ಎಂಬ ಜಾಹೀರಾತುಗಳನ್ನು ಅನುಮಾನದಿಂದಲೇ ನೋಡಬೇಕು.

ಅದರ ಬದಲು ಸಣ್ಣ, ಖಚಿತವಾದ ತೊಂದರೆಯೊಂದನ್ನು ಹಿಡಿದು ಮಾಡಿದ ಕೆಲಸ ಹೆಚ್ಚು ಉಪಯುಕ್ತವಾಗಿದೆ. ಕೊರಳಪಟ್ಟಿಯ ಹಿಂದಿನ ಚೀಟಿ ಚುಚ್ಚಿದರೆ ದಿನವಿಡೀ ಕೆರಳುವ ಮಕ್ಕಳಿದ್ದಾರೆ. ಅವರಿಗಾಗಿ ಚೀಟಿಯಿಲ್ಲದ, ಹೊಲಿಗೆ ಒಳಕ್ಕೆ ತಾಗದ ಅಂಗಿಗಳು ಬಂದಿವೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯವರು ಚಡಪಡಿಸುತ್ತ ಹಾಸಿಗೆ ಕಿತ್ತುಕೊಳ್ಳುವುದನ್ನು ಕಂಡ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ, ಗುಂಡಿ, ಪಟ್ಟಿ, ಮಣಿ ಹೊಲಿದ ಉಣ್ಣೆಯ ಕೈಚೀಲಗಳನ್ನು ಸ್ವಯಂಸೇವಕರು ಹೆಣೆದು ಕೊಡುತ್ತಾರೆ. ಬೆರಳುಗಳಿಗೆ ಕೆಲಸ ಸಿಕ್ಕರೆ ಚಡಪಡಿಕೆ ತಗ್ಗುತ್ತದೆ. ವೇಲ್ಸ್‌ನ ಕಾರ್ಡಿಫ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯದ ವಿನ್ಯಾಸ ತಂಡವೊಂದು ಅಂಥ ರೋಗಿಗಳು ಅಪ್ಪಿಕೊಳ್ಳಲೆಂದು, ಒಳಗೆ ಹೃದಯದಂತೆ ಮಿಡಿಯುವ ಬಟ್ಟೆಯ ಬೊಂಬೆಯನ್ನೇ ರೂಪಿಸಿತು.

ಕಾನೂನಿನಲ್ಲೊಂದು ಸಾಲು

ಭಾರತದಲ್ಲಿ ಈ ಇತಿಹಾಸ ದೂರದ ಮಾತಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಖಾಸಗಿ ಆಶ್ರಯಗೃಹವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ ಸಿಕ್ಕಿಬಿದ್ದರು; 28 ಮಂದಿ ಸುಟ್ಟು ಸತ್ತರು. ಪ್ಯುಸ್ಸಿನ್ ಸಂಕೋಲೆ ಕಳಚಿ ಆಗ ಇನ್ನೂರು ವರ್ಷ ಕಳೆದಿತ್ತು.

1912ರ ಮತ್ತು 1987ರ ಕಾಯಿದೆಗಳ ನಂತರ 2017ರಲ್ಲಿ ಬಂದ, 2018ರಲ್ಲಿ ಜಾರಿಯಾದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋರೋಗಿಗಳನ್ನು ಯಾವ ರೂಪದಲ್ಲೂ ಸರಪಳಿಯಿಂದ ಬಂಧಿಸಕೂಡದೆಂದು ವಿಧಿಸಿತು. ಅದರ 20ನೆಯ ಕಲಮಿನಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು ಹಕ್ಕಿದೆ. ಚಿಕಿತ್ಸೆಗೆ ದಾಖಲಾದವರು ಬಯಸಿದರೆ ತಮ್ಮ ಸ್ವಂತ ಬಟ್ಟೆ ಧರಿಸಬಹುದು. ಸಂಸ್ಥೆಯ ಸಮವಸ್ತ್ರ ತೊಡುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಒತ್ತಾಯದ ತಲೆಬೋಳಿಸುವಿಕೆಯನ್ನೂ ಅದೇ ಕಲಮು ನಿಷೇಧಿಸುತ್ತದೆ.

ಈ ಹಕ್ಕು ಕಾಗದದಿಂದ ವಾರ್ಡಿಗೆ ಇಳಿಯಬೇಕಾದರೆ ಬಹಳ ಸಾಮಾನ್ಯವಾದ ಕೆಲಸಗಳು ಆಗಬೇಕು. ಒಬ್ಬೊಬ್ಬರ ಬಟ್ಟೆಯನ್ನು ಬೇರೆಯಾಗಿ ಒಗೆದು ಅವರವರಿಗೇ ಮರಳಿಸುವ ಏರ್ಪಾಡು, ಅದನ್ನಿಡಲು ಒಂದು ಪುಟ್ಟ ಕಪಾಟು, ಮನೆಯವರು ಕೈಬಿಟ್ಟವರಿಗೆ ಅಳತೆಗೆ ಹೊಂದುವ ಒಂದು ಜೊತೆ ಬಟ್ಟೆ. ಪ್ರಾಣಕ್ಕೆ ಅಪಾಯವಿದ್ದಾಗ ಲಾಡಿ, ದುಪಟ್ಟಾಗಳನ್ನು ತೆಗೆದಿಡಬೇಕಾದೀತು. ಆಗಲೂ ಅದರ ಕಾರಣವನ್ನು ರೋಗಿಗೆ ತಿಳಿಸಿ ಹೇಳುವುದಕ್ಕೂ ಬಾಗಿಲಲ್ಲೇ ಎಲ್ಲವನ್ನೂ ಕಿತ್ತುಕೊಳ್ಳುವುದಕ್ಕೂ ಬಹಳ ಅಂತರವಿದೆ. ಭಾರದ ಹೊದಿಕೆ, ಮಿಡಿಯುವ ಬೊಂಬೆಗಳು ನಮ್ಮ ಆಸ್ಪತ್ರೆಗಳಿಗೆ ಬರಲು ಕಾಲ ಹಿಡಿದೀತು. ಉಡುವ ಬಟ್ಟೆಯನ್ನು ಉಡುವವರೇ ಆರಿಸಿಕೊಳ್ಳಲು ಬಿಡುವುದಕ್ಕೆ ಯಾವ ಹೊಸ ನೂಲೂ, ಹೊಸ ಯಂತ್ರವೂ ಬೇಕಾಗಿಲ್ಲ.